ಒಂದು ಭಾನುವಾರ ಕೊಡ್ರಪ್ಪ

ಅವಲಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದರು. ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ ಹತ್ತಿರವಾದರೆ ಸಾಕು, ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿ, "ಒಂದು ಭಾನುವಾರ ಕೊಡ್ರಪ್ಪ" ಎನ್ನುತ್ತಿದ್ದರು. ಒಂದು ವರ್ಷ ನನ್ನನ್ನೂ ಕರೆದಾಗ, ನನಗೆ ರೋಬೋಟ್ ಬಗ್ಗೆ ಏನೂ ಗೊತ್ತಿಲ್ಲ ಎಂದೆ. "ಮೇಜು ಎತ್ತಾಕೆ ಬತ್ತದಲ್ಲ?" ಎಂದು ಕರೆದುಕೊಂಡು ಹೋದರು.

ಅಲ್ಲಿ ಅಂಚೆಟ್ಟಿಯಿಂದ ಬಂದಿದ್ದ ಹುಡುಗಿಯೊಬ್ಬಳ ರೋಬೋಟಿನ ಕೈ ಆಟದ ನಡುವೆಯೇ ಕಳಚಿ ಬಿತ್ತು. ಕನ್ನಡ ಬಾರದ ತೀರ್ಪುಗಾರರು ಇಂಗ್ಲಿಷಿನಲ್ಲಿ ಕಾರಣ ಕೇಳಿದಾಗ ಅವಳು ತಲೆ ತಗ್ಗಿಸಿ ನಿಂತುಬಿಟ್ಟಳು. ಅಕ್ಕ ಅವಳ ಪಕ್ಕಕ್ಕೆ ಹೋದರು.

"ನಮ್ಮ ಮಾತಲ್ಲೇ ಹೇಳವ್ವ, ಅವ್ರಿಗೆ ನಾನ್ ಹೇಳ್ತೀನಿ."

"ಸ್ಕ್ರೂ ಸಡ್ಲ ಇದ್ದಿದ್ದು ಬೆಳಿಗ್ಗೇನೇ ಗೊತ್ತಿತ್ತು. ಬಿಗಿ ಮಾಡಾಕೆ ಮರ್ತ್ಬುಟ್ಟೆ," ಎಂದಳು ಹುಡುಗಿ.

ಅಕ್ಕ ಒಂದು ಮಾತೂ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹುಡುಗಿಯ ತಂಡಕ್ಕೆ ಬಹುಮಾನ ಬರಲಿಲ್ಲ.

"ಮರ್ತಿದ್ದು ಹೇಳ್ದೆ ಇರಬೋದಿತ್ತಲ್ಲಕ್ಕ?" ಎಂದೆ.

"ಅವ್ಳೇ ಧೈರ್ಯವಾಗಿ ಹೇಳವ್ಳೆ. ಬಿಡಾಕೆ ನಾನ್ಯಾರು?" ಎನ್ನುವಾಗ ಅಕ್ಕನ ದನಿ ಸಣ್ಣಗಾಗಿತ್ತು.

ಬಸ್ಸಿಗೆ ಹೊರಟಿದ್ದ ಹುಡುಗಿ ತಿರುಗಿ ಓಡಿಬಂದಳು. "ಮುಂದಿನ್ ವರ್ಷನೂ ನೀವೇ ಇರ್ತೀರಾ ಅಕ್ಕ?"

"ಇರ್ತೀನಿ. ಇವ್ರೂ ಇರ್ತಾರೆ," ಎಂದು ಅಕ್ಕ ನನ್ನತ್ತ ಕೈ ತೋರಿಸಿದರು.

ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಾನು ಇಲ್ಲವೆನ್ನಲೂ ಇಲ್ಲ.