ಪಾಯಿಂಟಿನ ನೆಂಟರೂ ರಸಬಾಳೆ ಗೊನೆಯೂ

ಟಿ. ನರಸೀಪುರದ ಚೆಲುವರಾಜು ಪಂಪ್‌ಸೆಟ್ ಕಂಪನಿಯೊಂದರ ಮೆಕ್ಯಾನಿಕ್. ಬೋರ್‌ವೆಲ್ ಪೈಪಿಗೆ ಅವನು ಕಿವಿಯಿಟ್ಟರೆ ಸಾಕು, ಮುನ್ನೂರು ಅಡಿ ಕೆಳಗಿನ ಮೋಟಾರು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತಿತ್ತು. ಬೀದರಿನಲ್ಲೊಂದು ಮೋಟಾರು ಅವನ ಬೈಕಿನ ಸದ್ದಿಗೇ ಹೆದರಿ ನೀರೆತ್ತಿತಂತೆ. ಹದಿನಾಲ್ಕು ವರ್ಷ ಹೀಗೆ ಊರೂರು ಅಲೆದ. ಕಂಪನಿ ಅವನಿಗೆ ರೂಮು ಹಿಡಿಯುತ್ತಿದ್ದದ್ದು ಒಂದೇ ಹೋಟೆಲಿನ ಬೇರೆಬೇರೆ ಶಾಖೆಗಳಲ್ಲಿ. ಅವನು ತಂಗಿದ ಲೆಕ್ಕಕ್ಕೆ ಅವರು ಅವನ ಹೆಸರಿಗೆ ಪಾಯಿಂಟು ಬರೆದುಕೊಳ್ಳುತ್ತಾ ಬಂದರು. "ಹುಬ್ಬಳ್ಳಿಯಿಂದ ಬಳ್ಳಾರಿಗಂಟ ಸೊಳ್ಳೆಗೆ ಕೊಟ್ಟ ರಕ್ತ ಎಲ್ಲಾ ಪಾಯಿಂಟಾಗಿ ಎಪ್ಪುಗಟ್ಕಂಡದೆ" ಎಂದು ಅವನೇ ನಗುತ್ತಿದ್ದ.

ಈ ತಿಂಗಳ ಕೊನೆಗೆ ಆ ಪಾಯಿಂಟುಗಳೆಲ್ಲ ಸತ್ತುಹೋಗುತ್ತವೆ ಎಂದು ಫೋನಿಗೆ ಮೆಸೇಜು ಬಂತು. ಉಡುಪಿ ಕಡೆ, ಕಡಲ ದಂಡೆಯ ಮೇಲೆ ಅದೇ ಹೋಟೆಲಿನವರದೊಂದು ಭಾರೀ ರೆಸಾರ್ಟು. ಎರಡು ದಿನ, ಊಟ ತಿಂಡಿ ಸಮೇತ, ಪಾಯಿಂಟಿಗೆ ಪೂರ್ತಿ ಬಿಟ್ಟಿ. ಚೆಲುವರಾಜು ಕುಣಿದ. ಮದುವೆಯಾದ ವಾರದಲ್ಲೇ "ನಿಂಗೆ ಸಮುದ್ರ ತೋರಿಸ್ತೀನಿ" ಅಂದಿದ್ದ. ಆ ಮಾತಿಗೀಗ ಇಪ್ಪತ್ತೆರಡು ವರ್ಷ. ಹೆಂಡತಿ ಪುಟ್ಟಲಕ್ಷ್ಮಿ ಮರೆಯುವ ಪೈಕಿಯಲ್ಲ. ಸಾರಿಗೆ ಉಪ್ಪು ಹಾಕುವಾಗಲೆಲ್ಲ "ಇದು ಸಮುದ್ರದ್ದಂತೆ, ನೋಡ್ದೋರು ಏಳ್ತಾರೆ" ಅನ್ನುತ್ತಿದ್ದಳು.

"ಎಷ್ಟು ಕೊಡ್ಬೇಕು?" ಎಂದು ಅವಳು ಕೇಳಿದಳು.

"ಒಂದ್ ಪೈಸೆ ಇಲ್ಲ ಕಣೆ."

"ದುಡ್ಡಿಲ್ದೆ ಉಳಿಸ್ಕೊಂಡು ಉಣ್ಣಕ್ಕಿಕ್ತಾರೆ ಅಂದ್ರೆ ನೆಂಟ್ರೇ ಆದ್ರಲ್ಲ! ನೆಂಟ್ರ ಮನೆಗೆ ಬರಿಗೈಲಿ ಓಯ್ತಾರಾ?"

ಪುಟ್ಟಲಕ್ಷ್ಮಿ ತವರೂರು ಚಿಕ್ಕಯ್ಯನಛತ್ರಕ್ಕೆ ಹೋಗಿ ಅಣ್ಣ ಮಲ್ಲಯ್ಯನ ತೋಟದಿಂದ ನಂಜನಗೂಡು ರಸಬಾಳೆಯ ಒಂದು ಪೂರ್ತಿ ಗೊನೆ ಕಡಿಸಿ ತಂದಳು. ಮಲ್ಲಯ್ಯನೆಂದರೆ ದೇವರಿಗೂ ಎರಡೇ ಹಣ್ಣು ಎಣಿಸಿಕೊಡುವ ಆಸಾಮಿ. ಗೊನೆ ಹೊರಟಾಗ ಮಗಳನ್ನು ಗಂಡನ ಮನೆಗೆ ಕಳಿಸಿದವನಂತೆ ಮೂಗು ಒರೆಸಿಕೊಂಡ.

ಬಸ್ಸು ಹಾಸನ ದಾಟುವ ಹೊತ್ತಿಗೆ ಗೊನೆ ಮಾಗಿ ಘಮ್ಮೆಂದಿತು. ಆ ಘಮದ ಅಮಲಿಗೆ ಡ್ರೈವರು ಶಿರಾಡಿ ಘಾಟಿಯ ತಿರುವುಗಳನ್ನೆಲ್ಲ ನೆಟ್ಟಗೆ ಮಾಡಿಕೊಂಡು ಹೋದ.

ರೆಸಾರ್ಟಿನ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಹೊರಗಿನ ತಿಂಡಿ, ಹಣ್ಣು ಒಳಗೆ ಬಿಡ್ಲಿಕ್ಕಿಲ್ಲ ಮಾರಾಯ್ರೆ. ಇಲ್ಲೇ ಇಟ್ಟು ಹೋಗಿ."

"ನೆಂಟ್ರು ತಂದಿದ್ನ ಬಾಗ್ಲಲ್ಲೇ ಇಡ್ಸೋ ಮನೆಗೆ ನಾನ್ ಕಾಲಿಡಾಕಿಲ್ಲ" ಎಂದಳು ಪುಟ್ಟಲಕ್ಷ್ಮಿ. "ರೀ, ಮೂರು ಗಂಟೆಗೆ ವಾಪಸ್ ಬಸ್ಸು ಅದಂತೆ. ನಡೀರಿ."

ಅಂದವಳೇ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ, ಗೊನೆಯನ್ನು ತೊಡೆಗೇರಿಸಿಕೊಂಡು ಕೂತಳು. ಕಾಂಪೌಂಡಿನಾಚೆ ಸಮುದ್ರ ಮೊರೆಯುತ್ತಿತ್ತು. ಗಂಟೆ ಎರಡಾಗಿತ್ತು.

ಚೆಲುವರಾಜು ಗಾಬರಿಯಾಗಲಿಲ್ಲ. ನಿಂತ ಮೋಟಾರಿಗೆ ಬೈದು ಫಲವಿಲ್ಲ, ಕರೆಂಟು ಎಲ್ಲಿ ನಿಂತಿದೆ ನೋಡಬೇಕು ಅನ್ನುವುದು ಅವನ ಕಸುಬಿನ ನೀತಿ. ಸೀದಾ ಒಳಗೆ ಹೋಗಿ ಮ್ಯಾನೇಜರ್ ಶೃತಿಯ ಮುಂದೆ ನಿಂತು, ಗೊನೆಯನ್ನು ನೀವೇ ಇಟ್ಟುಕೊಳ್ಳಿ ಎಂದ.

"ಗೆಸ್ಟ್ ಹತ್ರ ನಾವು ಏನೂ ತಗೊಳ್ಳುವ ಹಾಗಿಲ್ಲ ಸರ್. ರೂಲ್ಸ್ ಉಂಟು" ಎಂದಳು ಆ ಹುಡುಗಿ.

"ನೋಡಮ್ಮ, ಅದ್ನಾಲ್ಕು ವರ್ಷ ನಿಮ್ಮನೇಲಿ ಉಂಡಿದ್ದೀನಿ. ನಿಮ್ಮೋರು ಒಬ್ರೂ ನಮ್ಮನೇದು ಒಂದು ಲೋಟ ನೀರು ಕುಡಿದಿಲ್ಲ. ನನ್ ಎಂಡ್ರು ಯಂಗೆ ಒಳಕ್ಕೆ ಬತ್ತಾಳೆ? ಅದ್ಸರಿ, ನಿಮ್ಮ ರೂಲು ಎಲ್ಲಿಗಂಟ?"

"ಗೇಟಿನವರೆಗೆ."

"ಅಂಗಾದ್ರೆ ಗೇಟಿಂದ ಒಂದೆಜ್ಜೆ ಆಚೆ ನಿಂತು ಒಂದು ಅಣ್ಣು ತಿನ್ನು, ತಾಯಿ."

ಶೃತಿ ನಕ್ಕಳು, ಆದರೂ ಬಂದಳು. ಗೇಟು ದಾಟಿ, ರಸ್ತೆಯಲ್ಲಿ ನಿಂತು ಒಂದು ಹಣ್ಣು ಸುಲಿದಳು. ಮೊದಲ ತುತ್ತಿಗೇ ಕಣ್ಣು ಮುಚ್ಚಿದಳು, ಎರಡನೆಯದಕ್ಕೆ ಅಡುಗೆಯವರನ್ನು ಕೂಗಿದಳು. ಅಡುಗೆಯವರು ಸೌಟು ಹಿಡಿದೇ ಓಡಿಬಂದರು. ತೋಟದವರು ಬಂದರು, ಬಟ್ಟೆ ಒಗೆಯುವವರು ಬಂದರು, ಈಜುಕೊಳದಿಂದ ಮುಂಬೈಯ ಜೋಡಿಯೊಂದು ಒದ್ದೆ ಮೈಯಲ್ಲೇ ಬಂತು. ಘಮ ಹಿಡಿದು ಮೀನಿನ ದೋಣಿಯೊಂದು ದಿಕ್ಕು ತಪ್ಪಿ ಅಲ್ಲಿಗೇ ಬಂತೆಂದು ಚೆಲುವರಾಜು ಇವತ್ತಿಗೂ ಆಣೆಯಿಡುತ್ತಾನೆ. "ನಿಮ್ದಾಯ್ತಾ? ಇನ್ನೊಂದ್ ತಕ್ಕೊಳವ್ವ" ಎನ್ನುತ್ತಾ ಪುಟ್ಟಲಕ್ಷ್ಮಿ ಬೀಗರೂಟ ಬಡಿಸುವವಳ ಹಾಗೆ ಚಿಪ್ಪು ಚಿಪ್ಪೇ ಹಂಚಿದಳು. ಎಲ್ಲರಿಗಿಂತ ಹೆಚ್ಚು ತಿಂದವನು ವಾಚ್‌ಮನ್.

ಕೊನೆಗೆ ಉಳಿದದ್ದು ಬರೀ ದಂಟು. ಅದನ್ನವಳು ವಾಚ್‌ಮನ್ ಕೈಗೆ ಕೊಟ್ಟು, "ತಗಳಪ್ಪ, ಇದ್ನ ಇಲ್ಲೇ ಮಡಿಕ್ಕೊ" ಎಂದವಳೇ ಸೆರಗು ಕೊಡವಿ, ತಲೆಯೆತ್ತಿ, ಬಲಗಾಲಿಟ್ಟು ಒಳಗೆ ನಡೆದಳು. ಮೂರು ಗಂಟೆಯ ಬಸ್ಸು ಅವಳಿಲ್ಲದೆ ಹೊರಟಿತು.

ರೂಮನ್ನು ಅವಳು ತಿರುಗಿಯೂ ನೋಡಲಿಲ್ಲ. ನೇರ ಮರಳಿಗೆ ಇಳಿದು, ಸೀರೆ ಎತ್ತಿ ಹಿಡಿದು, ಮೊಣಕಾಲುದ್ದ ನೀರಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಉಪ್ಪೇ ಕಣ್ರೀ!" ಎಂದಳು. "ಅಲ್ಲಾ, ಇಷ್ಟು ನೀರ ಯಾವ ಮೋಟ್ರು ಎತ್ತಿ ಸುರೀತಾ ಅದೆ ಏಳಿ?"

ಚೆಲುವರಾಜು ಪ್ಯಾಂಟು ಮಡಚಿಕೊಂಡು ಅವಳ ಪಕ್ಕಕ್ಕೆ ಬಂದ. ಬಗ್ಗಿ, ಬರುತ್ತಿದ್ದ ಅಲೆಗೆ ಕಿವಿಗೊಟ್ಟ.

"ಚೆನ್ನಾಗಿ ಓಡ್ತಾ ಅದೆ ಕಣೆ," ಎಂದ. "ಇದಕ್ಕೆ ನಾನು ಕೈ ಆಕಾಕಿಲ್ಲ."