ಹೊಂಡದ ಒಪ್ಪಿಗೆ

ನನ್ನ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯಲ್ಲಿ ‘ಮೂಲನಿವಾಸಿ ಸಮುದಾಯ ಸಂಬಂಧಾಧಿಕಾರಿ’ ಎಂದು ಬರೆದಿತ್ತು. ಅಗಡಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಅದನ್ನು ನಿಧಾನವಾಗಿ ಓದಿ, “ಸಂಬಂಧ ಅಂದ್ರ ಹೆಣ್ಣು ಗಂಡು ಕೂಡಸೋ ಕೆಲಸೇನ್ರೀ?” ಎಂದು ಕೇಳಿದ್ದಳು. ಆ ಕೆಲಸವಾಗಿದ್ದರೆ ಎಷ್ಟೋ ಮರ್ಯಾದೆಯಿತ್ತು. ಮದುವೆ ಕುದುರಿಸಿದವರು ಆಮೇಲೂ ಎರಡೂ ಮನೆಯವರ ಕಣ್ಣೆದುರಿಗೆ ಓಡಾಡಬೇಕಾಗುತ್ತದೆ, ಹಾಗಾಗಿ ಸ್ವಲ್ಪ ಭಯವಾದರೂ ಇರುತ್ತದೆ. ನಮ್ಮ ಕಂಪನಿಗೆ ಅಂಥ ಭಯವೇನೂ ಇರಲಿಲ್ಲ.

ಕಂಪನಿ ದೊಡ್ಡದು. ಮೋಟೆಬೆನ್ನೂರಿನ ಈಚೆಗೆ, ಹೆದ್ದಾರಿಯ ಪಕ್ಕ, ಮೆಣಸಿನಕಾಯಿ ಚೀಲ ಇಡುವ ಭಾರೀ ಕೋಲ್ಡ್ ಸ್ಟೋರೇಜ್ ಕಟ್ಟಲು ಹೊರಟಿತ್ತು. ಸಾಲ ಕೊಡುವ ಹೊರದೇಶದ ಬ್ಯಾಂಕಿನವರು ಒಂದು ಷರತ್ತು ಹಾಕಿದ್ದರು. ಆ ಜಾಗದ ಆಸುಪಾಸಿನಲ್ಲಿ ಬುಡಕಟ್ಟಿನ ಜನ ಇದ್ದರೆ ಅವರ ಒಪ್ಪಿಗೆ ತರಬೇಕು. ಕುರಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ನಮ್ಮ ಕಂಪನಿ ಕೇಳಿಯೇ ಅರೆಯುತ್ತಿತ್ತು. ಕೇಳುವುದಕ್ಕಾಗಿ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಂಡಿತ್ತು.

ಅಲ್ಲಿ ಇದ್ದದ್ದು ಮೇದಾರರ ಒಂದು ಓಣಿ; ಸರ್ಕಾರದ ಪಟ್ಟಿಯಲ್ಲಿ ಅವರು ಬುಡಕಟ್ಟಿನವರು. ಬಿದಿರು ಸೀಳಿ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುವವರು. ಮನೆಗಳ ಹಿಂದೆ ಸರ್ಕಾರಿ ಜಾಗದಲ್ಲಿ ಹಳ್ಳದ ನೀರು ತಂಗುವ ಒಂದು ಹೊಂಡ, ದಂಡೆಯ ಮೇಲೆ ಬೇವಿನ ಮರಗಳು. ಬಿದಿರನ್ನು ಆ ಹೊಂಡದಲ್ಲಿ ನೆನೆಹಾಕಿ, ಬೇವಿನ ನೆರಳಲ್ಲಿ ಕೂತು ಸೀಳುತ್ತಿದ್ದರು. ಕಂಪನಿಯ ನಕ್ಷೆಯಲ್ಲಿ ಹೊಂಡದ ಮೇಲೆ ಲಾರಿಗಳು ನಿಂತಿದ್ದವು.

ಓಣಿಯ ಪರವಾಗಿ ಮಾತಾಡುತ್ತಿದ್ದವಳು ಒಬ್ಬ ಹಿರಿಯ ಹೆಂಗಸು. ಗಂಡ ತೀರಿಹೋಗಿದ್ದ. ಸೊಸೆ ಬ್ಯಾಡಗಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಮಗ ತಾಯಿಯ ಜೊತೆ ಬಿದಿರಿನ ಕೆಲಸದಲ್ಲೇ ಇದ್ದ. ನಾನು ಅವಳನ್ನು ಯವ್ವಾ ಎನ್ನುತ್ತಿದ್ದೆ. ನಾನು ಹೋದಾಗಲೆಲ್ಲ ಒಂದು ಚಾಪೆ ಹಾಸಿ, ಚಹಾ ಕೊಟ್ಟು, ಅದೇ ಮಾತು ಹೇಳುತ್ತಿದ್ದಳು.

“ನೀವು ರಸ್ತೆ ಮಾಡ್ರಿ, ಗ್ವಾಡಿ ಕಟ್ರಿ, ಹಗಲೂ ರಾತ್ರಿ ಲಾರಿ ಅಡ್ಡಾಡ್ಲಿ. ನಾವೇನ್ ಬ್ಯಾಡ ಅನ್ನೂದಿಲ್ಲ. ಹೊಂಡ ಒಂದ್ ಬಿಡ್ರಿ ಅಕ್ಕಾರ. ಒಣಾ ಬಿದಿರು ಸೀಳಾಕ ಬರೂದಿಲ್ಲ, ಪಟ್ನ ಮುರೀತೈತಿ. ನಳದಾಗ ಬರೂ ನೀರು ಕುಡಿಯಾಕs ಸಾಲೂದಿಲ್ಲ, ಬಿದಿರಿಗೆ ಎಲ್ಲಿಂದ ತರೂನು?”

ಇದಕ್ಕಿಂತ ಸರಳವಾದ ಬೇಡಿಕೆ ನನ್ನ ನೌಕರಿಯಲ್ಲಿ ನಾನು ಕೇಳಿರಲಿಲ್ಲ. ರಾಣೆಬೆನ್ನೂರಿನ ನಮ್ಮ ಆಫೀಸಿನಲ್ಲಿದ್ದ ಇಂಜಿನಿಯರನ ಮುಂದೆ ಹೋಗಿ ಕೂತೆ. ಅವನು ಒಳ್ಳೆಯವನೇ. ನಕ್ಷೆ ಬಿಚ್ಚಿ, ಪೆನ್ಸಿಲಿನಲ್ಲಿ ಗೆರೆ ಎಳೆದು, “ಗ್ವಾಡಿ ಸ್ವಲ್ಪ ಒಳಗ ಸರಿಸಿದ್ರ ಹೊಂಡ ಉಳೀತೈತಿ ನೋಡ್ರಿ. ಲಾರಿ ನಿಲ್ಲೋ ಜಾಗ ಕಡಿಮಿ ಆಕ್ಕೈತಿ, ಅಷ್ಟs,” ಎಂದ. ಬೆಂಗಳೂರಿನ ಮುಖ್ಯ ಕಚೇರಿಯವರು ಹ್ಞೂಂ ಅಂದರೆ ಸಾಕಿತ್ತು. ನಾನು ಮಿಠಾಯಿ ಅಂಗಡಿಗೆ ಹೋಗಿ ಪೇಡೆ ಕಟ್ಟಿಸಿಕೊಂಡು ಆ ಓಣಿಗೆ ಹೋಗಿ ವಿಷಯ ಹೇಳಿ ಬಂದೆ. ಇಷ್ಟು ದಿನ ಕಂಪನಿಯಲ್ಲಿದ್ದೂ ನನಗೆ ಬುದ್ಧಿ ಬಂದಿರಲಿಲ್ಲ.

ಹ್ಞೂಂ ಅನ್ನಬೇಕಾದ ನಮ್ಮ ವಿಭಾಗದ ಮುಖ್ಯಸ್ಥರು ಒಂದು ದಿನ ತಾವೇ ಬಂದರು. ಕಾರಿನಿಂದ ಇಳಿದವರು ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಮನೆಗಳ ಮೇಲೆ ಡಿಶ್ ಇತ್ತು, ಬಾಗಿಲಲ್ಲಿ ಬೈಕು ನಿಂತಿತ್ತು. ಅವರ ಮುಖ ಸಪ್ಪಗಾಯಿತು.

“ಇವರು ಕುಣಿಯಲ್ವಾ?” ಎಂದು ನನ್ನ ಕಿವಿಯಲ್ಲಿ ಕೇಳಿದರು.

“ಇಲ್ಲ ಸರ್, ಬುಟ್ಟಿ ಹೆಣೆಯುತ್ತಾರೆ.”

ಮುದುಕಿಯ ಕೈ ಹಿಡಿದು ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಅವಳ ಎದುರಿಗೇ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಕೈಗೆ ಸ್ಯಾನಿಟೈಸರ್ ಸವರಿಕೊಂಡರು. ಅವಳು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು.

ಮುಂದಿನ ವಾರ ಹಾವೇರಿಯಲ್ಲಿ ಸಮುದಾಯದ ಜೊತೆ ‘ಸಂವಾದ’ ಇಟ್ಟಿದ್ದರು. ವೇದಿಕೆಗೆ ಬಿದಿರಿನ ಕಮಾನು ಬೇಕೆಂದು ಸಾಹೇಬರಿಗೆ ಅಲ್ಲಿಯೇ ಹೊಳೆಯಿತು. “ಉದ್ದದ ಹಸಿ ಬಿದಿರು ಬೇಕು, ಈಗಲೇ ತಗೊಂಡು ಹೋಗ್ತೀವಿ. ಎಷ್ಟಾಗುತ್ತೆ ಅಂತ ಕೇಳಲ್ಲ, ಅವರು ಹೇಳಿದಷ್ಟು ಕೊಟ್ಟುಬಿಡಿ. ನಾವು ಬಡವರ ಹತ್ತಿರ ಚೌಕಾಸಿ ಮಾಡಲ್ಲ,” ಎಂದರು, ಎಲ್ಲರಿಗೂ ಕೇಳುವ ಹಾಗೆ.

ಓಣಿ ಥಟ್ಟನೆ ತಣ್ಣಗಾಯಿತು. ಕತ್ತಿಗಳು ನಿಂತವು. ಮುದುಕಿ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಯಾರು ತೀರಿಕೊಂಡಾರ್ರೀ?”

ನಮ್ಮ ಸೀಮೆಯಲ್ಲಿ ಮೊರ ಕೊಳ್ಳುವುದೆಂದರೆ ಅರ್ಧ ತಾಸಿನ ಜಗಳ. ನನ್ನ ತಾಯಿ ಮೇದಾರರ ಹೆಂಗಸಿನ ಜೊತೆ ಒಂದು ಮೊರಕ್ಕೆ ಎಷ್ಟು ಹೊತ್ತು ವಾದ ಮಾಡುತ್ತಿದ್ದಳೆಂದರೆ, ಕೊನೆಗೆ ಇಬ್ಬರೂ ಸೇರಿ ಊಟ ಮಾಡಿ ಏಳುತ್ತಿದ್ದರು. ಬೆಲೆ ಕೇಳದೆ, ಚೌಕಾಸಿ ಮಾಡದೆ, ಅವಸರದಲ್ಲಿ ಹಸಿ ಬಿದಿರು ಒಯ್ಯುವುದು ಒಂದಕ್ಕೇ, ಚಟ್ಟಕ್ಕೆ. ಸಾವಿನ ಮನೆಯವರು ಬೆಲೆ ಎತ್ತುವುದಿಲ್ಲ, ಕೊಡುವವರು ಬಾಯಿಬಿಟ್ಟು ಕೇಳುವುದಿಲ್ಲ.

ಕಾರಿನಲ್ಲಿ ಕೂತ ಮೇಲೆ ಸಾಹೇಬರಿಗೆ ಇದನ್ನು ತಿಳಿಸಿ ಹೇಳಿದೆ. ಅವರು ಪಕಪಕ ನಕ್ಕರು. “ಎಷ್ಟು ಕ್ಯೂಟ್ ಅಲ್ವಾ?” ಎಂದರು. ಅವತ್ತು ಸಂಜೆಯೊಳಗೆ ಫೋನಿನಲ್ಲಿ ಮೂರ್ನಾಲ್ಕು ಜನಕ್ಕೆ ಆ ಕತೆ ಹೇಳಿ ನಗಿಸಿದರು. ಗೋಡೆ ಸರಿಸುವ ಮಾತು ತೆಗೆದಾಗ, “ಸಂವಾದ ಮುಗೀಲಿ, ನೋಡೋಣ,” ಎಂದರು.

ಸಂವಾದದ ದಿನ ಓಣಿಯವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಕಂಪನಿಯ ಬಸ್ಸಿನಲ್ಲಿ ಹಾವೇರಿಯ ಕಲ್ಯಾಣ ಮಂಟಪಕ್ಕೆ ಬಂದರು. ಹೊಂಡದ ವಿಷಯ ಹೇಳುವುದು ಹೇಗೆಂದು ಮುದುಕಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಒಳಗೆ ಹೋದರೆ ವೇದಿಕೆಯ ಮೇಲೆ ಆಗಲೇ ಡೋಲು ಶುರುವಾಗಿತ್ತು. ಎಲ್ಲಿಂದಲೋ ಬಾಡಿಗೆಗೆ ತಂದ ಗಂಡಸರು ಮುಖಕ್ಕೆ ಮಸಿ ಬಳಿದುಕೊಂಡು, ತಲೆಗೆ ಗರಿ, ಸೊಂಟಕ್ಕೆ ಪ್ಲಾಸ್ಟಿಕ್ ಎಲೆ ಕಟ್ಟಿಕೊಂಡು ಹೋ ಹೋ ಎಂದು ಕುಣಿಯುತ್ತಿದ್ದರು.

“ಅವ್ರು ಯಾರ್ರೀ ಮೇಡಂ?” ಎಂದು ಮುದುಕಿಯ ಸೊಸೆ ಕೇಳಿದಳು.

“ನೀವು,” ಎಂದೆ.

ಅವಳು ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ಇಸ್ತ್ರಿ ಸೀರೆಯ ಸೆರಗು ಹೊದ್ದುಕೊಂಡಳು. ನನಗೆ ಆ ವೇದಿಕೆ, ಆ ಕಮಾನು, ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಿದ್ದ ನಮ್ಮವರು, ಎಲ್ಲದರ ಮೇಲೂ ಕಾರಿಕೊಳ್ಳಬೇಕು ಅನಿಸಿತು. ಥೂ ಎಂದು ಎದ್ದು ಹೋಗಬಹುದಿತ್ತು. ಆದರೆ ಅವತ್ತು ಊಟದ ಉಸ್ತುವಾರಿ ನನ್ನದು.

ಭಾಷಣದ ಮೇಲೆ ಭಾಷಣ ನಡೆದು ಊಟ ತಡವಾಯಿತು. ಬೇಸಿಗೆಯ ಧಗೆಗೆ ಸಾರು ಹಳಸುವುದಕ್ಕೆ ಬಂದಿತ್ತು, ಅನ್ನ ಮುದ್ದೆಯಾಗಿತ್ತು. ಅಡುಗೆಯವನಿಗೆ ಬೈದೆ, ಅವನು ನನಗೇ ತಿರುಗಿ ಬೈದ. ಓಣಿಯವರು ಉಂಡು ಬಂದು ಕುರ್ಚಿಯಲ್ಲಿ ಕೂತರು. ಈಗಲಾದರೂ ಮುದುಕಿಗೆ ಮೈಕು ಕೊಡುತ್ತಾರೆಂದು ನಾನು ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದೆ. ಮೈಕು ಹಿಡಿದ ನಿರೂಪಕಿ ವೇದಿಕೆಯಿಂದ ನಗುನಗುತ್ತಾ ಕೇಳಿದಳು: “ಊಟ ರುಚಿಯಾಗಿತ್ತು ಅನ್ನುವವರು ಎಲ್ಲರೂ ಕೈ ಎತ್ತಿ ನೋಡೋಣ!”

ಮುದುಕಿ ಹಿಂದೆ ತಿರುಗಿ ಏನೋ ಅಂದಳು. ಒಂದೊಂದಾಗಿ ಎಲ್ಲರ ಕೈಗಳೂ ಮೇಲೆದ್ದವು. ಕ್ಯಾಮೆರಾದವನು ಓಡಾಡಿಕೊಂಡು ನಾಲ್ಕೂ ಕಡೆಯಿಂದ ಫೋಟೋ ತೆಗೆದ. ರಾಷ್ಟ್ರಗೀತೆ ಹಾಡಿಸಿ ಸಂವಾದ ಮುಗಿಸಿದರು.

ಆ ಫೋಟೋ ಬ್ಯಾಂಕಿಗೆ ಹೋಯಿತು. ಅದರ ಕೆಳಗೆ, ಮೇದಾರ ಸಮುದಾಯದವರು ಕೈ ಎತ್ತಿ ಸರ್ವಾನುಮತದಿಂದ ಯೋಜನೆಗೆ ಒಪ್ಪಿಗೆ ಸೂಚಿಸಿದರು ಎಂದು ಬರೆದಿದ್ದರು. ನಾನು ಸಾಹೇಬರಿಗೆ ಫೋನ್ ಮಾಡಿ ಕಿರುಚಾಡಿದೆ. ಅವರ ದನಿ ಸ್ವಲ್ಪವೂ ಏರಲಿಲ್ಲ.

“ಅವರು ಕೈ ಎತ್ತಿದ್ದು ಸುಳ್ಳಾ?”

“ಅದು ಊಟಕ್ಕೆ ಸರ್.”

“ಊಟ ನಮ್ಮದೇ ತಾನೇ? ನಮ್ಮ ಬಗ್ಗೆ ಅವರಿಗೆ ಒಳ್ಳೇ ಅಭಿಪ್ರಾಯ ಇದೆ ಅಂತ ಆಯ್ತಲ್ಲ.”

ಬ್ಯಾಂಕಿನವರಿಗೆ ನಾನೇ ಬರೆದೆ. ತಮ್ಮ ನಿಯಮದಂತೆ ನನ್ನ ದೂರನ್ನು ಕಂಪನಿಯ ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ ಎಂದು ಉತ್ತರ ಬಂತು. ಆ ವಿಭಾಗ ನಮ್ಮ ಸಾಹೇಬರದೇ. ಅವರು ನನ್ನ ಮೇಲೆ ಸಿಟ್ಟು ಮಾಡಲೂ ಇಲ್ಲ. ಸಮುದಾಯದ ಜೊತೆ ನನ್ನ ಒಡನಾಟ ಚೆನ್ನಾಗಿದೆಯೆಂದು ಹೊಗಳಿ, ಮುಂದಿನ ಕೆಲಸಕ್ಕೂ ನನ್ನ ಹೆಸರೇ ಹಾಕಿದರು. ಬೈದಿದ್ದರೆ ಇಷ್ಟು ಅಸಹ್ಯ ಆಗುತ್ತಿರಲಿಲ್ಲ.

ಹೊಂಡ ಮುಚ್ಚಿದ್ದು ನನಗೆ ತಿಳಿದದ್ದು ಇಂಜಿನಿಯರನಿಂದ. ಹೋಗಿ ನೋಡಿದೆ. ಬೇವಿನ ಮರಗಳಿದ್ದ ಕಡೆ ಗೋಡೆ ಎದ್ದಿತ್ತು, ಗೋಡೆಯಾಚೆ ಕೆಂಪು ಗರಸು ಮಣ್ಣು ಹಾಕಿ ರೋಲರ್ ಓಡಿಸುತ್ತಿದ್ದರು. ಓಣಿಯಲ್ಲಿ ಬಿದಿರು ಸೀಳುವ ಸಪ್ಪಳವಿರಲಿಲ್ಲ. ಮಗ ಹಮಾಲಿ ಕೆಲಸಕ್ಕೆಂದು ಮೆಣಸಿನಕಾಯಿ ಪೇಟೆಗೆ ಹೋಗಿದ್ದ. ಮುದುಕಿ ಒಬ್ಬಳೇ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎಂದಿನಂತೆ ಚಾಪೆ ಹಾಸಿದಳು. ನನಗೆ ಕೂರಲಾಗಲಿಲ್ಲ.

“ಯವ್ವಾ, ಅವತ್ತು ಊಟಕ್ಕ ಕೈ ಎತ್ತಿದ್ರಲ್ಲ, ಅದನ್ನ ಇವರು ಹೊಂಡಕ್ಕ ಒಪ್ಪಿಗಿ ಅಂತ ಬರಕೊಂಡಾರ,” ಎಂದೆ.

“ಗೊತ್ತಾತ್ರೀ. ಸೊಸಿ ಫೋನಿನ್ಯಾಗ ಓದಿ ಹೇಳಿದ್ಳು.” ಚಾಪೆಯ ಮಡಿಕೆ ಸರಿಮಾಡುತ್ತಾ, “ಊಟಾನೂ ಚಲೋ ಇರ್ಲಿಲ್ಲ ಬಿಡ್ರಿ. ಸಾರು ಹುಳಿ ಹೊಡದಿತ್ತು,” ಎಂದಳು.

“ಮತ್ತ ಯಾಕ ಎತ್ತಿದ್ರಿ?”

“ನೀವು ಅಲ್ಲೇ ಬಾಗಲದಾಗ ನಿಂತಿದ್ರಿ. ಊಟದ ಜವಾಬ್ದಾರಿ ನಿಮ್ದು ಅಂತ ಗೊತ್ತಿತ್ತು. ಯಾರೂ ಕೈ ಎತ್ತಲಿಲ್ಲಂದ್ರ ಆ ದೊಡ್ಡ ಸಾಹೇಬ ನಿಮ್ಮನ್ನ ಕೆಲಸದಿಂದ ತಗದಾನು ಅಂತ ಅನಿಸ್ತು. ಎಲ್ಲಾರಿಗೂ ನಾನs ಹೇಳಿದೆ, ಎತ್ರಿ ಅಂತ.”

ನನ್ನ ಕೆಲಸ ಉಳಿದಿತ್ತು.