ಕರಡಿ ಸತ್ತ ಮನೆಗೆ ಊಟ

ನನ್ನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಎಷ್ಟು ತಿಕ್ಕಿ ತೊಳೆದರೂ ಮುಚ್ಚಳ ತೆಗೆದ ಕೂಡಲೇ ಇಂಗಿನ ವಾಸನೆ ಮೂಗಿಗೆ ಬಡಿಯುತ್ತದೆ. ಮೊನ್ನೆ ವಸಂತಪುರದ ಈ ಮನೆಗೆ ಬಂದಿದ್ದ ಗೆಳತಿ ಅದನ್ನು ಮೂಸಿ ನೋಡಿ, ಎಸೆಯಬಾರದೇ ಎಂದಳು. ಎಸೆಯೋಣವೆಂದರೆ ಅದು ನನ್ನದಲ್ಲ. ಶ್ರೀನಗರದ ನಮ್ಮ ಓನರ್ ಆಂಟಿಯದು...

ಆಗ ನಾನು ಅವರ ಮನೆಯ ಮೇಲಿನ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದೆ. ಹಗಲು ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ, ಉಳಿದ ಹೊತ್ತು ಮಕ್ಕಳ ಕಥೆ ಬರೆಯುವ ಹುಚ್ಚು. ಆಂಟಿಗೆ ಆ ಹುಚ್ಚಿನ ಬಗ್ಗೆ ಗೌರವವೇನೂ ಇರಲಿಲ್ಲ. ಸ್ವಂತ ಮಕ್ಕಳಿಲ್ಲದವಳು ಮಕ್ಕಳಿಗೆ ಏನು ಬರೆದಾಳು ಎಂದು ಎದುರು ಮನೆಯವರ ಹತ್ತಿರ, ನನಗೂ ಕೇಳಿಸಲಿ ಎಂಬಂತೆಯೇ, ಹೇಳಿದ್ದರು. ಆದರೆ ನನ್ನ ಸೊರಗಿದ ಮುಖ ನೋಡಲಾರದೆ ಆಗಾಗ ಡಬ್ಬಿಯಲ್ಲಿ ಹುಳಿ ಕಳಿಸುತ್ತಿದ್ದವರೂ ಅವರೇ.

ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎಂದು ಅಮ್ಮ ಕಲಿಸಿದ್ದಳು. ನನಗೆ ಮಾಡಲು ಬರುತ್ತಿದ್ದದ್ದು ನೂಡಲ್ಸ್ ಒಂದೇ. ಅದನ್ನು ಆ ಮನೆಗೆ ಕೊಡುವ ಧೈರ್ಯವಿರಲಿಲ್ಲ. ಹಾಗಾಗಿ ತಳದಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಿದ್ದೆ. ಒಂದು ಸಂಜೆ ಆಂಟಿಗೆ ರೇಗಿತು.

“ಈ ಸಕ್ಕರೆ ಇಟ್ಕೊಂಡು ನಾನೇನ್ ಮಾಡ್ಲಮ್ಮಾ, ಇರುವೆ ಸಾಕ್ಲಾ? ಕಥೆ ಬರೀತೀಯಲ್ಲ, ಬಂದು ಇವಳಿಗೊಂದು ಕಥೆ ಹೇಳು.”

ಇವಳು ಎಂದರೆ ಅವರ ನಾಲ್ಕು ವರ್ಷದ ಮೊಮ್ಮಗಳು. ಒಂದು ತುತ್ತನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲ ಗಟ್ಟಿಗಿತ್ತಿ. ತೂಕ ಸಾಲದು ಎಂದು ಡಾಕ್ಟರು ಹೇಳಿದ್ದನ್ನು ಆಂಟಿ ತಮ್ಮ ಮಾನದ ಪ್ರಶ್ನೆ ಮಾಡಿಕೊಂಡಿದ್ದರು. ಮಗ, ಸೊಸೆ ಕೆಲಸದಿಂದ ಬರುವುದರೊಳಗೆ ಬಟ್ಟಲು ಖಾಲಿಯಾಗಲೇಬೇಕಿತ್ತು.

ಹೀಗೆ ಗೇಟಿನ ಪಕ್ಕದ ಮೆಟ್ಟಿಲ ಮೇಲೆ ನನ್ನ ಕಸುಬು ಶುರುವಾಯಿತು. ನೀತಿ ಬರುವ ಸೂಚನೆ ಸಿಕ್ಕರೆ ಸಾಕು, ಮಗು ಬಾಯಿ ಮುಚ್ಚುತ್ತಿತ್ತು. ನನ್ನ ಕಥೆ ಮುಗಿದಾಗ ಬಟ್ಟಲಿನಲ್ಲಿ ಅರ್ಧ ಅನ್ನ ಉಳಿದಿರುತ್ತಿತ್ತು. ಆಗ ಆಂಟಿ ಸುಮ್ಮನಿರುತ್ತಿರಲಿಲ್ಲ. ನನ್ನ ನರಿಗೆ ಅರಸೀಕೆರೆಯಲ್ಲಿ ಒಬ್ಬ ಸೋದರತ್ತೆಯನ್ನು ಹುಟ್ಟಿಸಿ, ಅಲ್ಲಿಗೆ ಅದನ್ನು ಬಸ್ಸು ಹತ್ತಿಸುತ್ತಿದ್ದರು. ನನ್ನ ಮೊಸಳೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳದೆ ತಿಂಡಿ ಮುಟ್ಟುವಂತಿರಲಿಲ್ಲ. ಕಥೆ ಹಾಳಾಯಿತು ಎಂದು ನಾನು ಹಲ್ಲು ಕಡಿಯುತ್ತಿದ್ದೆ, ಬಟ್ಟಲು ಖಾಲಿಯಾಯಿತು ಎಂದು ಅವರು ಕೈ ತೊಳೆಯುತ್ತಿದ್ದರು.

ಅಷ್ಟರಲ್ಲಿ ಜಯನಗರದಲ್ಲಿ ಮಕ್ಕಳ ಕಥೆ ಬರೆಯುವವರಿಗೆಂದು ಒಂದು ಕಮ್ಮಟ ನಡೆಯಿತು. ಮಕ್ಕಳಿಂದ ಸಾವನ್ನು ಬಚ್ಚಿಡಬಾರದು, ಅವರಿಗೂ ಸತ್ಯ ಹೇಳಬೇಕು ಎಂದು ಅಲ್ಲಿ ಒಬ್ಬರು ಮನಮುಟ್ಟುವಂತೆ ಮಾತಾಡಿದರು. ನನಗೆ ಜ್ಞಾನೋದಯವಾಯಿತು. ಮಾರನೆಯ ಸಂಜೆಯೇ, ವಾರದಿಂದ ಚೆನ್ನಾಗಿ ಓಡಾಡಿಕೊಂಡಿದ್ದ ಕರಡಿ ಅಜ್ಜನನ್ನು ಸಾಯಿಸಿಬಿಟ್ಟೆ. ಅಜ್ಜನ ಜೊತೆಗಿದ್ದ ಮರಿ ಒಂಟಿಯಾಯಿತು.

ಮಗು ಬಾಯಲ್ಲಿದ್ದ ತುತ್ತನ್ನು ಉಗಿದು ಒಳಗೆ ಹೋಯಿತು. ಮರುದಿನ ಬೆಳಗ್ಗೆಯೂ ತಿನ್ನಲಿಲ್ಲ, ಮಧ್ಯಾಹ್ನವೂ ಇಲ್ಲ. ಸಂಜೆ ನಾನು ಕೆಲಸದಿಂದ ಬರುವುದನ್ನೇ ಕಾದಿದ್ದ ಆಂಟಿ, ಮಂಡಿ ನೋವಿನ ಕಾಲೆಳೆದುಕೊಂಡು ನನ್ನ ರೂಮಿಗೆ ಹತ್ತಿ ಬಂದರು. ಕರಡಿಯನ್ನು ಈಗಿಂದೀಗಲೇ ಬದುಕಿಸಬೇಕು ಎಂದರು. ನಾನು ಕಮ್ಮಟದ ಮಾತುಗಳನ್ನೆಲ್ಲ ಒಪ್ಪಿಸಿದೆ.

“ನಿನ್ನ ಸತ್ಯ ನಿನ್ನ ರೂಮಲ್ಲಿ ಇಟ್ಕೊಳಮ್ಮಾ. ಮಗು ನಿನ್ನೆಯಿಂದ ಬರೀ ಹಾಲು ಕುಡ್ಕೊಂಡಿದೆ.”

ಕೆಳಗೆ ಹೋಗಿ, ಕರಡಿ ಅಜ್ಜ ಸತ್ತಿರಲಿಲ್ಲ, ಗಾಢವಾಗಿ ನಿದ್ದೆ ಮಾಡುತ್ತಿತ್ತು ಎಂದೆ. ಮಗು ನನ್ನನ್ನು ತಾತ್ಸಾರದಿಂದ ನೋಡಿತು. ಸುಳ್ಳು, ನಿನ್ನೆ ಸತ್ತಿತ್ತು ಎಂದು ಮತ್ತೆ ಬಾಯಿಗೆ ಬೀಗ ಹಾಕಿತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆಂಟಿ ಬಟ್ಟಲಿನ ಅನ್ನವನ್ನು ಮತ್ತೆ ಕಲಸಿದರು. ಅವರ ತಲೆಯಲ್ಲಿದ್ದದ್ದು ಕಥೆಯಲ್ಲ, ನನ್ನ ಕಾಡಿನವರಿಗೆ ನೆಂಟಸ್ತಿಕೆ, ನಡವಳಿಕೆ ಏನೂ ಗೊತ್ತಿಲ್ಲವಲ್ಲ ಎಂಬ ಸಿಟ್ಟು.

“ಕರಡಿ ಸತ್ತಿದ್ದು ಸತ್ತೋಯ್ತು, ಬಿಡು. ಸತ್ತ ಮನೇಲಿ ಅವತ್ತು ಒಲೆ ಹಚ್ಚಲ್ಲ. ಆ ಮರಿಗೆ ಊಟ ಯಾರು ತಂದ್ಕೊಟ್ರು?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ತಡವರಿಸುತ್ತಾ, ಜಿಂಕೆ ಡಬ್ಬಿಯಲ್ಲಿ ಅನ್ನ ಹುಳಿ ತಂದಿತು ಎಂದೆ. ಮೊಲ ಮೊಸರನ್ನ ತಂದಿತು. ಅಳಿಲು ಪಾಯಸ ಹೊತ್ತು ಹೊರಟಾಗ, ಸಾವಿನ ಮನೆಗೆ ಯಾರಾದರೂ ಸಿಹಿ ಒಯ್ಯುತ್ತಾರೆಯೇ ಎಂದು ಆಂಟಿ ಅದನ್ನು ಅರ್ಧ ದಾರಿಯಿಂದಲೇ ವಾಪಸ್ ಕಳಿಸಿದರು. ಮರಿ ತಿಂತಾ ಎಂದು ಮಗು ಕೇಳಿತು. ನೀನು ತಿಂದರೆ ಅದೂ ತಿನ್ನುತ್ತದೆ ಎಂದರು ಆಂಟಿ. ಮಗು ಅಳುತ್ತಾ ಬಾಯಿ ತೆರೆಯಿತು. ಅಳುತ್ತಲೇ ಬಟ್ಟಲು ಖಾಲಿ ಮಾಡಿತು.

ನನ್ನ ಮೊದಲ ಪುಸ್ತಕವಾದದ್ದು ಆ ಕಥೆಯೇ. ಒಂದು ಪ್ರತಿ ಕೊಟ್ಟಾಗ ಆಂಟಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹುಳಿ ಎನ್ನುವ ಕಡೆ ಸಾಂಬಾರ್ ಎಂದು ಬರೆದಿದ್ದೇನೆ ಎಂಬುದೊಂದೇ ಅವರ ವಿಮರ್ಶೆ.

ರೂಮು ಬಿಟ್ಟು ವಸಂತಪುರಕ್ಕೆ ಬಂದಾಗ ಡಬ್ಬಿಯೂ ನನ್ನ ಸಾಮಾನಿನ ಜೊತೆ ಬಂತು. ಫೋನಿನಲ್ಲಿ ಮಾತಾಡಿದಾಗಲೆಲ್ಲ ಆಂಟಿ ಮೊದಲು ಡಬ್ಬಿ ಕೇಳಿ, ಆಮೇಲೆ ನನ್ನ ಆರೋಗ್ಯ ಕೇಳುತ್ತಿದ್ದರು. ಕೊಡೋಣ, ಕೊಡೋಣ ಎಂದು ವರ್ಷಗಳೇ ಹೋದವು...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ನಾನೂ ಹುಳಿ ಮಾಡಲು ಕಲಿತಿದ್ದೆ. ಅನ್ನ ಕಲಸಿ ಅದೇ ಡಬ್ಬಿಗೆ ತುಂಬಿಕೊಂಡು ಶ್ರೀನಗರಕ್ಕೆ ಹೋದೆ. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೊಮ್ಮಗಳು ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿಲ್ಲ ಎಂದು ಅವಳ ಅಮ್ಮ ಹೇಳಿದರು. ನಾನು ಡಬ್ಬಿ ಮುಂದಿಟ್ಟೆ. ಅವಳು ಅದನ್ನೂ ನನ್ನನ್ನೂ ನೋಡಿದಳು.

“ಆಂಟಿ, ನೀವು ಜಿಂಕೆನಾ, ಮೊಲಾನಾ?”

ಜಿಂಕೆ ಎಂದೆ. ಅವಳು ನಕ್ಕಳು, ಅತ್ತಳು, ನಾನು ಕೊಟ್ಟ ತುತ್ತಿಗೆ ಬಾಯಿ ತೆರೆದಳು.

ತಿಂಗಳು ಕಳೆದ ಮೇಲೆ, ಡಬ್ಬಿ ನನ್ನದೇ ಎಂಬಂತೆ ಅವಳೇ ತಂದುಕೊಟ್ಟಳು. ಒಳಗೆ ಒಂದು ಚಿಟಿಕೆ ಸಕ್ಕರೆಯಿತ್ತು. ನಿಮ್ಮ ಸಕ್ಕರೆ ವಿಷಯ ಅಜ್ಜಿ ಹೇಳ್ತಿದ್ರು, ಕಥೆ ಹೇಳೋಕೆ ನಂಗೆ ಬರಲ್ಲ ಆಂಟಿ ಎಂದಳು. ಆ ಸಕ್ಕರೆಯನ್ನು ಕಾಫಿಗೆ ಹಾಕಿಕೊಳ್ಳಲು ಮನಸ್ಸಾಗದೆ ಹಾಗೇ ಇಟ್ಟೆ. ಎರಡೇ ದಿನಕ್ಕೆ ಇರುವೆ ಮುತ್ತಿದವು. ಈಗ ತೊಳೆದಿಟ್ಟಿದ್ದೇನೆ. ಕೊಡಲು ಕಥೆಗಳೇನೋ ಬೇಕಾದಷ್ಟಿವೆ, ಎಲ್ಲಮ್ಮಾ ನನ್ನ ಡಬ್ಬಿ ಎಂದು ಕೇಳುವವರು ಇಲ್ಲ.